ಮೀನೆಣ್ಣೆ ಗುಳಿಗೆ, ಅಗಸಿ ಮತ್ತು ಹೃದಯ ಬಡಿತದ ಏರುಪೇರು: ಸಾರ್ವಜನಿಕರಿಗೆ ಮಾಹಿತಿ

ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳಲ್ಲಿ ರೊಟ್ಟಿಯೊಡನೆ ಅಗಸಿ ಹಿಂಡಿ ಸೇವಿಸುವುದು ರೂಢಿಯಲ್ಲಿದೆ. ಅಗಸಿಯಲ್ಲಿ ಒಮೇಗಾ-3 ವರ್ಗದ ಕೊಬ್ಬಿನಾಮ್ಲವಿರುತ್ತದೆ. ಇದೇ ವರ್ಗದ ಮೀನೆಣ್ಣೆ ಗುಳಿಗೆಗಳನ್ನು ಹೃದಯಕ್ಕೆ ಹಿತವೆಂದು ವೈದ್ಯರ ಸಲಹೆಯಿಲ್ಲದೆ ಖರೀದಿಸುವವರೂ ಇದ್ದಾರೆ. ಈ ಕುರಿತ ಸಂಶೋಧನೆಗಳು ಪರಸ್ಪರ ಭಿನ್ನವಾಗಿರುವುದರಿಂದ ಈ ವಿವರಣೆಯನ್ನು ನೀಡಲಾಗಿದೆ.

ಹೃದಯದ ಮೇಲಿನ ಕೋಣೆಗಳು ಕ್ರಮವಾಗಿ ಸಂಕುಚಿಸದೆ ಅದುರುವ ಸ್ಥಿತಿಯನ್ನು ಏಟ್ರಿಯಲ್ ಫಿಬ್ರಿಲೇಶನ್ ಎನ್ನುತ್ತಾರೆ. ಅಲ್ಲಿ ನಿಂತ ರಕ್ತವು ಹೆಪ್ಪುಗಟ್ಟಿ ಮಿದುಳಿಗೆ ತಲುಪಿದಲ್ಲಿ ಲಕ್ವ ಉಂಟಾಗುತ್ತದೆ. ಇಂತಹವರಲ್ಲಿ ಲಕ್ವದ ಸಂಭವ ಸುಮಾರು 5 ಪಟ್ಟು ಹೆಚ್ಚು.

1999ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ, ಹೃದಯಾಘಾತದಿಂದ ಪಾರಾದವರಿಗೆ ದಿನಕ್ಕೆ 1 ಗ್ರಾಂ ಒಮೇಗಾ-3 ನೀಡಿದಾಗ ಹಠಾತ್ ಮರಣ ಕಡಿಮೆಯಾಯಿತು. 2004ರಲ್ಲಿ ಅಮೆರಿಕದ ವೃದ್ಧರ ಅಧ್ಯಯನವು, ಬೇಯಿಸಿದ ಅಥವಾ ಸುಟ್ಟ ಮೀನು ತಿನ್ನುವವರಲ್ಲಿ ಫಿಬ್ರಿಲೇಶನ್ ಕಡಿಮೆಯೆಂದು ತಿಳಿಸಿತು. ಕರಿದ ಮೀನಿಗೆ ಈ ಮಾತು ಅನ್ವಯಿಸಲಿಲ್ಲ. 2006ರ ರಾಟರ್‌ಡ್ಯಾಮ್ ಅಧ್ಯಯನದಲ್ಲಿ ಅಂತಹ ಸಂಬಂಧವೇ ಕಾಣಲಿಲ್ಲ. 2021ರಲ್ಲಿ 81,210 ಜನರನ್ನೊಳಗೊಂಡ 7 ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ, ದಿನಕ್ಕೆ 1 ಗ್ರಾಂಗಿಂತ ಹೆಚ್ಚು ಪಡೆದವರಲ್ಲಿ ಫಿಬ್ರಿಲೇಶನ್ ಸಂಭವವು ಶೇ. 49ರಷ್ಟು, 1 ಗ್ರಾಂ ಅಥವಾ ಕಡಿಮೆ ಪಡೆದವರಲ್ಲಿ ಶೇ. 12ರಷ್ಟು ಅಧಿಕವಾಗಿತ್ತು. 2023ರಲ್ಲಿ ಯೂರೋಪಿನ ಔಷಧ ಸಂಸ್ಥೆಯು ಇದನ್ನು ಒಮೇಗಾ-3 ಔಷಧಿಗಳ ಅಡ್ಡಪರಿಣಾಮಗಳ ಪಟ್ಟಿಗೆ ಸೇರಿಸಲು ಸೂಚಿಸಿತು.

ಮೇಲ್ನೋಟಕ್ಕೆ ಇವು ಒಂದನ್ನೊಂದು ಅಲ್ಲಗಳೆಯುವಂತೆ ತೋರುತ್ತವೆ. ಆದರೆ ಹಠಾತ್ ಮರಣಕ್ಕೆ ಬಹುತೇಕ ಹೃದಯದ ಕೆಳಗಿನ ಕೋಣೆಗಳ ಬಡಿತ ಕೆಡುವುದು ಕಾರಣ. ಫಿಬ್ರಿಲೇಶನ್ ಮೇಲಿನ ಕೋಣೆಗಳದು. ಊಟದ ಮೀನಿಗೂ ದಿನಕ್ಕೆ 4 ಗ್ರಾಂವರೆಗಿನ ಔಷಧಿಗೂ ಪ್ರಮಾಣದಲ್ಲಿಯೇ ಅಂತರವಿದೆ. ಮೀನು ತಿನ್ನುವವರ ಇತರ ಆಹಾರ ಪದ್ಧತಿಯೂ ಬೇರೆಯಿರಬಹುದು.

ಅಗಸಿಯ ಕೊಬ್ಬಿನಾಮ್ಲವು ಮೀನಿನದಕ್ಕಿಂತ ಭಿನ್ನವಾಗಿದ್ದು, ಅಲ್ಪಾಂಶ ಮಾತ್ರ ದೇಹದಲ್ಲಿ ಮೀನೆಣ್ಣೆಯ ರೂಪಕ್ಕೆ ಪರಿವರ್ತನೆಯಾಗುತ್ತದೆ. ಮೇಲ್ಕಂಡ ಪ್ರಯೋಗಗಳು ಅಗಸಿಯನ್ನು ಕುರಿತವಲ್ಲ. ಆದುದರಿಂದ ಊಟದ ಹಿಂಡಿಯನ್ನು ಬಿಡಬೇಕಾದ ಕಾರಣವಿಲ್ಲ; ಅದನ್ನು ಬಡಿತದ ಔಷಧಿಯೆಂದು ಭಾವಿಸುವುದೂ ಸರಿಯಲ್ಲ.

ಗುಳಿಗೆಯ ಚೀಟಿಯನ್ನು ಓದುವುದು ಅವಶ್ಯ. 1,000 ಮಿ.ಗ್ರಾಂ ಮೀನೆಣ್ಣೆಯ ಸಾಮಾನ್ಯ ಗುಳಿಗೆಯಲ್ಲಿ ಒಮೇಗಾ-3 ಸುಮಾರು 300 ಮಿ.ಗ್ರಾಂ ಮಾತ್ರ ಇರುತ್ತದೆ. ಎದೆ ಡವಗುಟ್ಟುವುದು, ನಾಡಿ ತಪ್ಪುವುದು ಕಂಡುಬಂದವರು ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ಮಾಡಿಸಿಕೊಳ್ಳತಕ್ಕದ್ದು, ಸೇವಿಸುತ್ತಿರುವ ಗುಳಿಗೆಗಳ ಪೊಟ್ಟಣವನ್ನೂ ವೈದ್ಯರಿಗೆ ತೋರಿಸುವುದು. ರಕ್ತ ಹೆಪ್ಪುಗಟ್ಟದಂತೆ ನೀಡಿರುವ ಮಾತ್ರೆಗಳನ್ನು ಮೀನೆಣ್ಣೆಯ ನೆಚ್ಚಿಕೆಯಿಂದ ಯಾವ ಕಾರಣಕ್ಕೂ ನಿಲ್ಲಿಸಬಾರದು. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಅಥವಾ ಕೈಕಾಲು ಸೋಲುವುದು ಕಂಡ ಕೂಡಲೇ 108ಕ್ಕೆ ಕರೆ ಮಾಡುವುದು.