ಮಳೆಗಾಲ ಮುಗೀತಾ? ಬೈಕಿನ ಚಕ್ರ ಅಲ್ಲಾಡಿಸಿ ನೋಡಿ

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿಲೋಮೀಟರ್. ದಿನಾ ಕೆಲಸಕ್ಕೆ ಓಡುವ ನನ್ನ ಡರ್ಟ್ ಬೈಕ್, ಭಾನುವಾರ ತೋಟದ ಕೆಸರಿಗೂ ಇಳಿಯುತ್ತೆ. ಈ ಮಳೆಗಾಲ ಕಳೆಯುವಷ್ಟರಲ್ಲಿ ಮುಂದಿನ ಚಕ್ರದಲ್ಲಿ ಗೊರಗೊರ ಸದ್ದು.

ಪರೀಕ್ಷೆ ಸುಲಭ. ಚಕ್ರ ನೆಲ ಬಿಡುವಂತೆ ಬೈಕ್ ನಿಲ್ಲಿಸಿ, ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಕ್ಸಲ್ ನಟ್ ಬಿಗಿಯಾಗಿದ್ದೂ ಟಕಟಕ ಅಂದ್ರೆ ಬೇರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು. ಹಾಗೇ ಓಡಿಸಿದ್ರೆ ಹಬ್ ಹಾಳಾಗುತ್ತೆ; ಹೆದ್ದಾರಿಯಲ್ಲಿ, ಲಾರಿಗಳ ನಡುವೆ ಚಕ್ರ ಹಿಡಿದುಕೊಂಡ್ರೆ ಜೀವಕ್ಕೇ ಕುತ್ತು.

ಭದ್ರಾವತಿಯ ಗ್ಯಾರೇಜಲ್ಲಿ ಚಕ್ರ ಬಿಚ್ಚಿಸಿದೆ. "ಗ್ರೀಸೇ ಇಲ್ಲ ಸಾರ್, ಬರೀ ಕೆಸರು" ಅಂದ್ರು ಮೆಕ್ಯಾನಿಕ್. 1923ರಿಂದ ಕಬ್ಬಿಣ ಕರಗಿಸಿದ ಊರು ಇದು. ಆದ್ರೆ ಉಕ್ಕು ಎಷ್ಟೇ ಗಟ್ಟಿಯಿರಲಿ, ನೀರು ಹೊಕ್ಕರೆ ಒಳಗಿನ ಗುಂಡುಗಳಿಗೆ ತುಕ್ಕು ತಪ್ಪಿದ್ದಲ್ಲ.

ಬದಲಿಸುವಾಗ ಇಷ್ಟು ಗಮನಿಸಿ:

• ಹಳೇ ಬೇರಿಂಗ್ ಮೇಲಿನ ನಂಬರನ್ನೇ ಕೇಳಿ. ಉದಾಹರಣೆಗೆ 6202 ಅಂದ್ರೆ ಒಳವ್ಯಾಸ 15, ಹೊರವ್ಯಾಸ 35, ದಪ್ಪ 11 ಮಿ.ಮೀ. ಜೊತೆಗೆ '2ಆರ್‌ಎಸ್' ಇದ್ರೆ ಎರಡೂ ಬದಿ ರಬ್ಬರ್ ಸೀಲ್.

• ಒಂದೇ ಹೋಗಿದ್ರೂ ಎರಡೂ ಕಡೆಯದ್ದು ಹಾಕಿಸಿ. ಆಯಿಲ್ ಸೀಲೂ ಹೊಸದಿರಲಿ. ನಡುವಿನ ಸ್ಪೇಸರ್ ಮರೀಬೇಡಿ.

• ಕೂರಿಸುವಾಗ ಏಟು ಹೊರ ರಿಂಗಿಗೆ ಮಾತ್ರ ಬೀಳಬೇಕು. ಒಳ ರಿಂಗಿಗೆ ಬಿದ್ರೆ ಹೊಸ ಬೇರಿಂಗ್ ಅಲ್ಲೇ ಹಾಳು.

ವಾಟರ್ ಸರ್ವಿಸ್‌ಗೆ ಹೋದಾಗ ಜೆಟ್ ಪೈಪನ್ನು ಆಕ್ಸಲ್ ಕಡೆ ಹಿಡಿಯಬೇಡಿ ಅನ್ನಿ. ಪೆಟ್ರೋಲ್ ನೋಡೋ ನಾವು, ತಿಂಗಳಿಗೊಮ್ಮೆ ಚಕ್ರನೂ ಅಲ್ಲಾಡಿಸಿ ನೋಡೋಣ. ಅರ್ಧ ನಿಮಿಷದ ಕೆಲಸ.