ವಹಿವಾಟು ಬೇರೆ, ಲಾಭ ಬೇರೆ

2025ರ ಜುಲೈ ತಿಂಗಳು. ನಾವು ಕಲಿಕಾ ಕೇಂದ್ರದ ಬಾಗಿಲು ತೆರೆದು ಕುಳಿತಿದ್ದೆವು. ಸೀರೆ ವ್ಯಾಪಾರ ಮಾಡುವ ಅಕ್ಕ ಗಾಬರಿಯಿಂದ ಬಂದರು.

"ಅಕ್ಕೋರೆ, ಫೋನಿಗೆ ರೊಕ್ಕ ಹಾಕಿಸ್ಕೊಂಡ್ರ ಟ್ಯಾಕ್ಸ್ ಬೀಳ್ತದಂತ. ಖರೇ ಏನ್ರಿ?" ಎಂದು ಕೇಳಿದರು.

ಪಕ್ಕದಲ್ಲಿದ್ದ ಇನ್ನೊಬ್ಬ ಅಕ್ಕ, "ನನ್ನ ಗಂಡ ಬಣ್ಣ ಬಳಿಯೋ ಗುತ್ತಿಗೆ ಹಿಡೀತಾನ್ರಿ. ಅವನಿಗೂ ಬೀಳ್ತದೇನು?" ಎಂದರು.

ಆ ದಿನ ಪಾಠ ಪಕ್ಕಕ್ಕಿಟ್ಟೆವು. ಎಲ್ಲರೂ ಸೇರಿ ಲೆಕ್ಕ ಹಾಕಿದೆವು. ಆ ಲೆಕ್ಕವನ್ನೇ ಇಲ್ಲಿ ಬರೆದಿದ್ದೇವೆ. ನಿಧಾನವಾಗಿ ಓದಿ.

ಜಿ.ಎಸ್.ಟಿ. ಎಂದರೇನು?

ನಾವು ಅಂಗಡಿಯಲ್ಲಿ ಸೋಪು ಕೊಳ್ಳುತ್ತೇವೆ. ಅದರ ಬೆಲೆಯಲ್ಲೇ ತೆರಿಗೆ ಸೇರಿರುತ್ತದೆ. ಅಂಗಡಿಯವರು ಅದನ್ನು ಸರ್ಕಾರಕ್ಕೆ ಕಟ್ಟಬೇಕು. ಇದೇ ಮಾರಾಟ ತೆರಿಗೆ. ಹಿಂದೆ ಇದಕ್ಕೆ ಬೇರೆ ಬೇರೆ ಹೆಸರುಗಳಿದ್ದವು. 2017ರ ಜುಲೈ 1ರಿಂದ ಹಲವು ತೆರಿಗೆಗಳು ಸೇರಿ ಒಂದೇ ಆದವು. ಅದೇ ಜಿ.ಎಸ್.ಟಿ.

ಎಲ್ಲ ವ್ಯಾಪಾರಿಗಳೂ ಇದಕ್ಕೆ ಹೆಸರು ನೋಂದಾಯಿಸಬೇಕೇ? ಬೇಡ. ಸಣ್ಣವರನ್ನು ಬಿಡಲು ಒಂದು ಮಿತಿ ಇಟ್ಟಿದ್ದಾರೆ. ಕರ್ನಾಟಕದಲ್ಲಿ ಆ ಮಿತಿ ಹೀಗಿದೆ:

ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು.
ಕೆಲಸ ಮಾಡಿಕೊಡುವವರಿಗೆ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು.

ಸೀರೆ, ಪಾತ್ರೆ, ಚಪ್ಪಲಿ ಮಾರುವುದು ಸರಕಿನ ವ್ಯಾಪಾರ. ಗಿರಾಕಿ ತಂದ ಬಟ್ಟೆ ಹೊಲಿದು ಕೊಡುವುದು, ಮನೆಗೆ ಬಣ್ಣ ಬಳಿಯುವುದು, ನಲ್ಲಿ ರಿಪೇರಿ ಮಾಡುವುದು ಕೆಲಸ. ಹಸಿ ತರಕಾರಿಗೆ ತೆರಿಗೆಯೇ ಇಲ್ಲ. ಅದನ್ನಷ್ಟೇ ಮಾರುವವರಿಗೆ ನೋಂದಣಿಯೂ ಬೇಡ. ಬೇರೆ ರಾಜ್ಯಕ್ಕೆ ಸರಕು ಕಳಿಸಿ ಮಾರುವವರಿಗೆ ನಿಯಮ ಬೇರೆ.

ವಹಿವಾಟು ಎಂದರೆ ಲಾಭ ಅಲ್ಲ

ಇದು ಮುಖ್ಯ ಮಾತು. ಒಂದು ಸೀರೆಯನ್ನು 900 ರೂಪಾಯಿಗೆ ತಂದು 1,000ಕ್ಕೆ ಮಾರಿದೆವು ಅನ್ನೋಣ. ನಮಗೆ ಉಳಿದದ್ದು 100. ಆದರೆ ವಹಿವಾಟು 1,000. ಮಿತಿಯನ್ನು ಅಳೆಯುವುದು ಈ 1,000ದಿಂದ, ಆ 100ರಿಂದ ಅಲ್ಲ. ಹಣ ಕೈಗೆ ಬಂದರೂ ಒಂದೇ, ಫೋನಿಗೆ ಬಂದರೂ ಒಂದೇ. ಮಾರಾಟದ ಹಣವೆಲ್ಲ ವಹಿವಾಟೇ.

ಹಾಗಾದರೆ ಫೋನಿಗೆ ಬಂದದ್ದೆಲ್ಲ ಮಾರಾಟವೇ? ಅಲ್ಲ. ತಮ್ಮ ಹಬ್ಬಕ್ಕೆ ಕಳಿಸಿದ ಹಣ ಮಾರಾಟವಲ್ಲ. ಸ್ವಸಹಾಯ ಸಂಘದವರು ನಿಮ್ಮ ಫೋನಿಗೆ ಹಾಕಿದ ಕಂತಿನ ಹಣ ಮಾರಾಟವಲ್ಲ. ಕೈಸಾಲ ವಾಪಸ್ ಬಂದರೆ ಅದೂ ಅಲ್ಲ. ಆದರೆ ಇದನ್ನು ತೋರಿಸಲು ನಮ್ಮ ಹತ್ತಿರ ಬರೆದ ಲೆಕ್ಕ ಇರಬೇಕು.

ಮಿತಿ ಇಳಿಸಿದರೆ ಏನಾಗುತ್ತದೆ?

ಮಿತಿ ಯಾವಾಗಲೂ ಒಂದೇ ಇರುವುದಿಲ್ಲ. 2017ರಲ್ಲಿ ಸರಕಿಗೂ 20 ಲಕ್ಷವೇ ಇತ್ತು. 2019ರ ಏಪ್ರಿಲ್ 1ರಿಂದ ಸರಕಿಗೆ 40 ಲಕ್ಷವಾಯಿತು. ಆದರೆ ನೆರೆಯ ತೆಲಂಗಾಣ ಆಗ 20 ಲಕ್ಷವನ್ನೇ ಉಳಿಸಿಕೊಂಡಿತು. ನಮ್ಮ ಬೀದರ್‌ನಿಂದ ತೆಲಂಗಾಣದ ಜಹೀರಾಬಾದ್ ದೂರವೇನಲ್ಲ. ಹಾಗಾಗಿ ಎರಡೂ ಕಡೆ ಒಂದೊಂದು ಸೀರೆ ಅಂಗಡಿ ಇದೆ ಅಂದುಕೊಳ್ಳೋಣ. ಬೀದರ್‌ನ ಅಂಗಡಿಗೆ ಮಿತಿ 40 ಲಕ್ಷ, ಜಹೀರಾಬಾದ್‌ನ ಅಂಗಡಿಗೆ 20 ಲಕ್ಷ.

ಎರಡೂ ಅಂಗಡಿಯಲ್ಲಿ ತಿಂಗಳಿಗೆ 2 ಲಕ್ಷ ವ್ಯಾಪಾರ. ವರ್ಷಕ್ಕೆ 24 ಲಕ್ಷ. ನೂರಕ್ಕೆ ಹತ್ತರಂತೆ ಉಳಿದದ್ದು 2,40,000 ರೂಪಾಯಿ. ಬಾಡಿಗೆ, ಕರೆಂಟು ಸೇರಿ ಖರ್ಚು 60,000. ಕೊನೆಗೆ ಮನೆಗೆ ಬಂದದ್ದು 1,80,000. ಅಂದರೆ ತಿಂಗಳಿಗೆ 15,000.

ಬೀದರ್‌ನ ಅಕ್ಕ ಮಿತಿಯ ಕೆಳಗಿದ್ದಾರೆ. ನೋಂದಣಿ ಬೇಡ. ಜಹೀರಾಬಾದ್‌ನ ಅಕ್ಕ ಮಿತಿ ದಾಟಿದ್ದಾರೆ. ನೋಂದಣಿ ಬೇಕು. ಅವರು ಸಣ್ಣವರಿಗೆಂದು ಇರುವ ರಾಜಿ ತೆರಿಗೆ ಪದ್ಧತಿಗೆ ಸೇರಿದರು ಅನ್ನೋಣ. ಇದರಲ್ಲಿ ವ್ಯಾಪಾರಿ ನೂರಕ್ಕೆ ಒಂದು ರೂಪಾಯಿ ಕಟ್ಟಬೇಕು. ಗಿರಾಕಿಯಿಂದ ಅದನ್ನು ಬೇರೆಯಾಗಿ ಕೇಳುವಂತಿಲ್ಲ. ಮೂರು ತಿಂಗಳಿಗೊಮ್ಮೆ ತೆರಿಗೆ, ವರ್ಷಕ್ಕೊಮ್ಮೆ ವಿವರ ಪಟ್ಟಿ.

24 ಲಕ್ಷಕ್ಕೆ ನೂರಕ್ಕೊಂದರಂತೆ 24,000 ರೂಪಾಯಿ. ಉಳಿಯುವುದು 1,56,000. ತಿಂಗಳಿಗೆ 13,000. ಲೆಕ್ಕ ಬರೆದುಕೊಡುವವರ ಸಂಬಳ ಬೇರೆ.

"ನೂರಕ್ಕೆ ಒಂದು" ಎಂದರೆ ಕೇಳಲು ಸಣ್ಣದು. ಆದರೆ ಅದು ವಹಿವಾಟಿನ ಮೇಲೆ ಬೀಳುತ್ತದೆ. ಲಾಭ ಕಡಿಮೆ ಇದ್ದವರಿಗೆ ಅದು ದೊಡ್ಡದಾಗುತ್ತದೆ.

ಬಣ್ಣದ ಗುತ್ತಿಗೆಯ ಲೆಕ್ಕ

ಈಗ ಕೆಲಸದವರ ಮಾತು. ಒಂದು ಮನೆಗೆ ಬಣ್ಣ ಬಳಿಯಲು ಗುತ್ತಿಗೆ 1,50,000 ರೂಪಾಯಿ. ಅದರಲ್ಲಿ ಬಣ್ಣದ ಡಬ್ಬಿ, ಪುಟ್ಟಿಗೇ 1,00,000 ಹೋಗುತ್ತದೆ. ಕೂಲಿ ಉಳಿಯುವುದು 50,000. ಅದರಲ್ಲೂ ಸಹಾಯಕರಿಗೆ ಪಾಲು ಕೊಡಬೇಕು. ವರ್ಷಕ್ಕೆ ಇಂಥ 7 ಮನೆ ಮಾಡಿದರೆ ವಹಿವಾಟು 10,50,000. ಕೂಲಿ ಬಂದದ್ದು 3,50,000 ಮಾತ್ರ.

ಈಗ ಮಿತಿ 20 ಲಕ್ಷ. ಹಾಗಾಗಿ ನೋಂದಣಿ ಬೇಡ. ನಾಳೆ ಮಿತಿಯನ್ನು 10 ಲಕ್ಷಕ್ಕೆ ಇಳಿಸಿದರು ಅನ್ನೋಣ. ಆಗ ಇವರು ಒಳಗೆ ಬರುತ್ತಾರೆ. ಕೆಲಸದವರ ರಾಜಿ ತೆರಿಗೆ ನೂರಕ್ಕೆ 6. ಅಂದರೆ 63,000 ರೂಪಾಯಿ. ಆ 3,50,000 ಕೂಲಿಯಿಂದಲೇ ಅದು ಹೋಗಬೇಕು.

ಆಗ ಅವರು ಏನು ಮಾಡಬಹುದು? ದರ ಏರಿಸಬಹುದು. ಆದರೆ ಮಿತಿಯ ಕೆಳಗಿರುವ ಇನ್ನೊಬ್ಬರು ಕಡಿಮೆಗೆ ಕೆಲಸ ಹಿಡಿಯುತ್ತಾರೆ. ಆರು ಮನೆಗೇ ಕೆಲಸ ನಿಲ್ಲಿಸಬಹುದು. ಆಗ ಸಹಾಯಕರ ಕೂಲಿಯೂ ನಿಲ್ಲುತ್ತದೆ. ಮನೆಯವರೇ ಬಣ್ಣ ಕೊಂಡು ತರಲಿ, ನಾನು ಕೂಲಿ ಮಾತ್ರ ತಗೊಳ್ಳುತ್ತೇನೆ ಎನ್ನಬಹುದು. ಆಗ ವಹಿವಾಟು ಇಳಿಯುತ್ತದೆ. ಇದು ಸರಿಯಾದ ದಾರಿಯೇ. ಕೆಲವರು ಬಿಲ್ ಇಲ್ಲದೆ ಕೆಲಸ ಮಾಡಲು ಹೋಗುತ್ತಾರೆ. ಅದು ತಪ್ಪು. ಸಿಕ್ಕಿಬಿದ್ದರೆ ದಂಡ ಕಟ್ಟಬೇಕು.

ಇನ್ನೊಂದು ಮುಖವೂ ಇದೆ

ತೆರಿಗೆಯಿಂದಲೇ ಶಾಲೆ, ಆಸ್ಪತ್ರೆ, ರಸ್ತೆ ನಡೆಯಬೇಕು. ಮಿತಿ ಬಹಳ ಮೇಲಿದ್ದರೆ ಬೆಳೆದವರೂ ಹೊರಗೇ ಉಳಿಯುತ್ತಾರೆ. ಪಕ್ಕದಲ್ಲೇ ತೆರಿಗೆ ಕಟ್ಟುವ ಅಂಗಡಿಯವರಿಗೆ ಅದು ಅನ್ಯಾಯ ಅನ್ನಿಸುತ್ತದೆ. ನೋಂದಣಿ ಆದವರಿಗೆ ದೊಡ್ಡ ಗಿರಾಕಿಗಳು ಸುಲಭವಾಗಿ ಕೆಲಸ ಕೊಡುತ್ತಾರೆ. ಇನ್ನು, ನೋಂದಣಿ ಇಲ್ಲದವರು ತೆರಿಗೆಯನ್ನೇ ಕೊಡುವುದಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ಅವರು ಕೊಂಡ ಸೀರೆಯ ಬೆಲೆಯಲ್ಲಿ, ಬಣ್ಣದ ಡಬ್ಬಿಯ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ.

ಜುಲೈನಲ್ಲಿ ಆದದ್ದೇನು?

2025ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಮಿತಿ ಇಳಿಯಲಿಲ್ಲ. ವಾಣಿಜ್ಯ ತೆರಿಗೆ ಇಲಾಖೆ ಯು.ಪಿ.ಐ. ಮೂಲಕ ಬಂದ ಹಣದ ಲೆಕ್ಕ ನೋಡಿತು. ಮಿತಿ ದಾಟಿದಂತೆ ಕಂಡ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಿನಲ್ಲಿ ಹಲವರು ಫೋನ್ ಪಾವತಿಯ ಚೀಟಿ ಕಿತ್ತು, "ನಗದು ಮಾತ್ರ" ಎಂದು ಬರೆದು ಅಂಟಿಸಿದರು. ಕೊನೆಗೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದರು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮಿತಿ ದಾಟಿದವರು ನೋಂದಣಿ ಮಾಡಿಸಲೇಬೇಕು ಎಂದರು.

ಸೀರೆ ಅಕ್ಕನೂ ಅಂಗಡಿಯ ಚೀಟಿ ಕೀಳಲು ಹೊರಟಿದ್ದರು. ನಾವು ಅವರಿಂದಲೇ ಲೆಕ್ಕ ಬರೆಸಿದೆವು. ಹನ್ನೆರಡು ತಿಂಗಳ ವ್ಯಾಪಾರ ಕೂಡಿಸಿದರೆ ಮಿತಿಯ ಅರ್ಧವೂ ಆಗಲಿಲ್ಲ. "ಇಷ್ಟೇ ಏನ್ರಿ? ಇದಕ್ಕ ಎರಡು ರಾತ್ರಿ ನಿದ್ದಿ ಕೆಟ್ಟಿದ್ದೆ!" ಎಂದು ನಕ್ಕರು. ಚೀಟಿ ಅಲ್ಲೇ ಉಳಿಯಿತು.

ನೆನಪಿಡೋಣ

ಮಿತಿ ಅಳೆಯುವುದು ವಹಿವಾಟಿನಿಂದ, ಲಾಭದಿಂದ ಅಲ್ಲ.
ಮಾರಾಟದ ಹಣ, ಮನೆಯ ಹಣ, ಸಂಘದ ಹಣ ಬೇರೆ ಬೇರೆ ಬರೆಯೋಣ.
ಸರಕು ಕೊಂಡ ಬಿಲ್ಲುಗಳನ್ನು ಜೋಪಾನ ಮಾಡೋಣ.
ನೋಟಿಸ್ ಬಂದರೆ ಬಚ್ಚಿಡಬಾರದು. ಓದಿಸಿ, ತಿಳಿದು, ಹೇಳಿದ ದಿನದೊಳಗೆ ಉತ್ತರ ಕೊಡೋಣ.

ನೀವೇ ಲೆಕ್ಕ ಹಾಕಿ

1. ನಿಮ್ಮ ಒಂದು ದಿನದ ವ್ಯಾಪಾರ ಎಷ್ಟು? ತಿಂಗಳಿಗೆ ಎಷ್ಟು? ವರ್ಷಕ್ಕೆ ಎಷ್ಟು?
2. ಅದರಲ್ಲಿ ಖರ್ಚು ಕಳೆದು ಮನೆಗೆ ಉಳಿಯುವುದು ಎಷ್ಟು?
3. ನೀವು ಮಿತಿಯ ಕೆಳಗಿದ್ದೀರಾ, ಮೇಲಿದ್ದೀರಾ?

ಉತ್ತರಗಳನ್ನು ನಿಮ್ಮ ಪುಸ್ತಕದಲ್ಲಿ ನೀವೇ ಬರೆಯಿರಿ. ನಾಳೆ ಮಿತಿ ಏರಲಿ, ಇಳಿಯಲಿ, ಈ ಮೂರು ಉತ್ತರ ಗೊತ್ತಿದ್ದವರು ಯಾರದೋ ಮಾತು ಕೇಳಿ ಹೆದರಬೇಕಾಗಿಲ್ಲ.