ಬ್ಯಾಟರಿ ಬದಲಿಸುವ ಮೊದಲು ವೋಲ್ಟೇಜ್ ನೋಡಿ



ನಮ್ಮ ಕೆಲವು ಸಂಘಗಳು ತರಕಾರಿ, ಹೂವು, ಹಾಲಿನ ಕ್ಯಾನು ಸಾಗಿಸಲು ಪಿಕಪ್ ಗಾಡಿ ಇಟ್ಟುಕೊಂಡಿವೆ. ಹೊಸದು ಕೊಳ್ಳುವಷ್ಟು ಹಣ ಕೂಡಿಬರದೆ ಹಳೆಯ ಟಾಟಾ 207 ಅಥವಾ ಮಹೀಂದ್ರ ಪಿಕಪ್ ತೆಗೆದುಕೊಂಡವರೇ ಹೆಚ್ಚು. ಗಾಡಿ ಓಡಲಿ ಬಿಡಲಿ, ಸಾಲದ ಕಂತು ಮಾತ್ರ ತಿಂಗಳು ತಿಂಗಳು ಕಟ್ಟಲೇಬೇಕು. ಸಂತೆಯ ದಿನ ಗಾಡಿ ನಿಂತರೆ ಆ ವಾರದ ಸಂಪಾದನೆ ಹೋಯಿತು. ಹಳೇ ಗಾಡಿ ಬಗ್ಗೆ ಸಭೆಗಳಲ್ಲಿ ಹೆಚ್ಚಾಗಿ ಕೇಳಿಬರುವ ದೂರು ಒಂದೇ: "ಬೆಳಿಗ್ಗೆ ಸೆಲ್ಫ್ ಎತ್ತಲ್ಲ ಸಿಸ್ಟರ್, ನಾಲ್ಕು ಜನ ತಳ್ಳಬೇಕು."

ಇದಕ್ಕೆ ಸಿಗುವ ಉತ್ತರವೂ ಒಂದೇ. ಬ್ಯಾಟರಿ ಹೋಗಿದೆ, ಹೊಸದು ಹಾಕ್ಸಿ. ಒಂದು ಸಂಘದವರು ಹೀಗೆ ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಹಾಕಿಸಿದರು. ಹೊಸ ಬ್ಯಾಟರಿ ಕೆಲವು ವಾರ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಕಥೆ. ಕೊನೆಗೆ ನೋಡಿದರೆ ದೋಷ ಬ್ಯಾಟರಿಯಲ್ಲೇ ಇರಲಿಲ್ಲ. ಇಂಜಿನ್‌ನಿಂದ ಚಾಸಿಗೆ ಹೋಗುವ ಅರ್ತ್ ವೈರ್ ತುಕ್ಕು ಹಿಡಿದಿತ್ತು. ಸಾವಿರಾರು ರೂಪಾಯಿ ದಂಡ, ದೋಷ ಒಂದು ಮೊಳ ವೈರಿನದು. "ಅದೆಲ್ಲಾ ಗಂಡಸರ ವಿಷಯ" ಅಂತ ಯಾರೂ ಕೇಳಲಿಲ್ಲ. ಆದರೆ ಹಣ ಹೋದದ್ದು ಹೆಂಗಸರ ಉಳಿತಾಯದಿಂದ ತಾನೇ?

ಗಾಡಿಯ ಕರೆಂಟಿನ ವ್ಯವಸ್ಥೆ ನಮ್ಮ ಊರಿನ ನೀರಿನ ವ್ಯವಸ್ಥೆಯ ಹಾಗೇ ಇದೆ. ಬ್ಯಾಟರಿ ಎಂದರೆ ಟ್ಯಾಂಕು. ಅದನ್ನು ತುಂಬುವ ಮೋಟಾರು ಆಲ್ಟರ್ನೇಟರ್. ಹಳೇ ಮೇಸ್ತ್ರಿಗಳು ಇದನ್ನು ಈಗಲೂ ಡೈನಮೋ ಅಂತಲೇ ಕರೆಯುತ್ತಾರೆ. ಇಂಜಿನ್ ತಿರುಗುವಾಗ ಬೆಲ್ಟ್ ಮೂಲಕ ಇದೂ ತಿರುಗಿ ಕರೆಂಟ್ ತಯಾರಿಸುತ್ತದೆ. ವೈರುಗಳೇ ಪೈಪು. ಟ್ಯಾಂಕು ತುಂಬಿ ಹೊರಚೆಲ್ಲದಂತೆ ತಡೆಯುವುದು ರೆಗ್ಯುಲೇಟರ್. ಟ್ಯಾಂಕಿನಲ್ಲಿ ನೀರಿಲ್ಲ ಎಂದ ಮಾತ್ರಕ್ಕೆ ಟ್ಯಾಂಕನ್ನೇ ಒಡೆದು ಹೊಸದು ಕಟ್ಟಿಸುತ್ತೇವೆಯೇ? ಮೋಟಾರು ಓಡುತ್ತಿದೆಯೇ, ಪೈಪು ಕಟ್ಟಿಕೊಂಡಿದೆಯೇ ಎಂದು ಮೊದಲು ನೋಡುತ್ತೇವೆ.

ನೋಡಲು ಬೇಕಾದದ್ದು ಒಂದು ಡಿಜಿಟಲ್ ಮಲ್ಟಿಮೀಟರ್. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಗುಂಡಿಯನ್ನು ಡಿಸಿ ವೋಲ್ಟ್ 20ಕ್ಕೆ ತಿರುಗಿಸಿ, ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಮುಟ್ಟಿಸಿ. ಕೆಂಪು ವೈರನ್ನು ಮೀಟರಿನ 10 ಆಂಪ್ ಎಂದು ಬರೆದ ತೂತಿಗೆ ಮಾತ್ರ ಹಾಕಬೇಡಿ, ಶಾರ್ಟ್ ಆಗುತ್ತದೆ. ಬಾನೆಟ್ ಎತ್ತುವ ಮೊದಲು ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಡೆ ಮೇಲೆ ಕಟ್ಟಿ. ತಿರುಗುವ ಬೆಲ್ಟು ಯಾರನ್ನೂ ನೋಡುವುದಿಲ್ಲ. ಲೋಹದ ಬಳೆ, ಉಂಗುರ ತೆಗೆದಿಡಿ. ಬಳೆ ಎರಡು ಟರ್ಮಿನಲ್‌ಗೂ ತಾಗಿದರೆ ಕ್ಷಣದಲ್ಲಿ ಕಾದು ಕೈ ಸುಡುತ್ತದೆ. ಬ್ಯಾಟರಿಯಿಂದ ಹೊತ್ತಿಕೊಳ್ಳುವ ಗ್ಯಾಸ್ ಬರುವುದರಿಂದ ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ.

ಮೊದಲ ಲೆಕ್ಕ ಬೆಳಿಗ್ಗೆ, ಗಾಡಿ ಸ್ಟಾರ್ಟ್ ಮಾಡುವ ಮುಂಚೆ. ಬ್ಯಾಟರಿ ತುಂಬಿದ್ದರೆ 12.6ರ ಆಸುಪಾಸು ತೋರಿಸುತ್ತದೆ. 12.2 ಎಂದರೆ ಅರ್ಧ ಖಾಲಿ. 12ಕ್ಕಿಂತ ಕಡಿಮೆ ಇದ್ದರೆ ಹೆಚ್ಚುಕಡಿಮೆ ಬರಿದಾಗಿದೆ. ಎರಡನೆಯದು, ಡ್ರೈವರ್ ಸೆಲ್ಫ್ ಹೊಡೆಯುವಾಗ. ಆಗ ವೋಲ್ಟೇಜ್ ಇಳಿಯುವುದು ಸಹಜ. ಆದರೆ ತುಂಬಿದ ಬ್ಯಾಟರಿಯೂ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ದುರ್ಬಲವಾಗಿದೆ ಎಂಬ ಅನುಮಾನ ಸರಿ. ಬರಿದಾದ ಬ್ಯಾಟರಿಯಲ್ಲಿ ಈ ಪರೀಕ್ಷೆ ಮಾಡಿ ತೀರ್ಪು ಕೊಡುವುದು ನ್ಯಾಯವಲ್ಲ, ಮೊದಲು ಚಾರ್ಜ್ ಮಾಡಿಸಿ.

ಮೂರನೆಯದೇ ಮುಖ್ಯ. ಇಂಜಿನ್ ಓಡುತ್ತಿರಲಿ, ಸ್ವಲ್ಪ ರೇಸ್ ಕೊಡಲಿ. ಮೀಟರ್ 13.8ರಿಂದ 14.4ರ ಒಳಗೆ ತೋರಿಸಬೇಕು. ಹೆಡ್‌ಲೈಟ್ ಹಾಕಿದರೂ 13ಕ್ಕಿಂತ ಕೆಳಗಿಳಿಯಬಾರದು. ಬೆಳಿಗ್ಗೆ ಇದ್ದ 12 ಚಿಲ್ಲರೆಯಲ್ಲೇ ನಿಂತಿದ್ದರೆ, ಅಥವಾ ನಿಧಾನಕ್ಕೆ ಇಳಿಯುತ್ತಿದ್ದರೆ, ಟ್ಯಾಂಕು ತುಂಬುತ್ತಿಲ್ಲ. ಆಗ ಎಷ್ಟು ಹೊಸ ಬ್ಯಾಟರಿ ಹಾಕಿದರೂ ಪ್ರಯೋಜನವಿಲ್ಲ. (ಈ ಲೆಕ್ಕ 12 ವೋಲ್ಟಿನ ಹಳೇ ಗಾಡಿಗಳದ್ದು. ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ಇರುತ್ತದೆ. ಕಂಪ್ಯೂಟರ್ ಇರುವ ಕೆಲವು ಹೊಸ ಗಾಡಿಗಳಲ್ಲಿ ವೋಲ್ಟೇಜ್ ತಾನೇ ಏರಿಳಿಯುತ್ತದೆ.)

ಚಾರ್ಜ್ ಆಗುತ್ತಿಲ್ಲ ಎಂದು ಗೊತ್ತಾದರೆ ಖರ್ಚಿಲ್ಲದ್ದನ್ನು ಮೊದಲು ನೋಡಿ. ಇಂಜಿನ್ ನಿಲ್ಲಿಸಿ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ಬಗ್ಗಬೇಕು. ತೀರಾ ಸಡಿಲವಿದ್ದರೆ ಜಾರುತ್ತದೆ, ಕಿರ್ ಎಂದು ಕೂಗುತ್ತದೆ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಗುರುತು ಬಲ್ಲವರಿಂದ ವೈರ್ ಬಿಚ್ಚಿಸಿ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆಯಿರಿ. ಆ ನೀರು ಬ್ಯಾಟರಿಯ ಒಳಕ್ಕೆ ಬೀಳಬಾರದು. ಆಮೇಲೆ ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪ ಉರಿಯುತ್ತದೆಯೇ ನೋಡಿ. ಉರಿದು, ಇಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಉರಿಯದಿದ್ದರೆ "ತೊಂದರೆ ಇಲ್ಲ" ಎಂದುಕೊಳ್ಳಬೇಡಿ. ಎಷ್ಟೋ ಹಳೇ ಗಾಡಿಗಳಲ್ಲಿ ಆ ಪುಟ್ಟ ಬಲ್ಬಿನ ಮೂಲಕ ಹೋಗುವ ಕರೆಂಟೇ ಆಲ್ಟರ್ನೇಟರನ್ನು ಎಬ್ಬಿಸುವುದು. ಬಲ್ಬ್ ಸುಟ್ಟರೆ ಚಾರ್ಜಿಂಗೇ ಶುರುವಾಗದೆ ಇರಬಹುದು.

ಇನ್ನು ವೈರು. ಇಂಜಿನ್ ಓಡುತ್ತಾ ಹೆಡ್‌ಲೈಟ್ ಉರಿಯುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೂ ಇನ್ನೊಂದನ್ನು ಆಲ್ಟರ್ನೇಟರಿನ ಲೋಹದ ಮೈಗೂ ಇಡಿಸಿ. 0.2ರ ಒಳಗಿದ್ದರೆ ಅರ್ತ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಅರ್ತ್ ವೈರಿನಲ್ಲೇ ದೋಷ. ಆ ಸಂಘದ ಗಾಡಿಯಲ್ಲಿ ಇದೊಂದನ್ನು ಯಾರಾದರೂ ಮೊದಲೇ ನೋಡಿದ್ದರೆ ಎರಡು ಬ್ಯಾಟರಿಯ ದುಡ್ಡು ಉಳಿಯುತ್ತಿತ್ತು. ಪ್ಲಸ್ ಕಡೆಯ ದಪ್ಪ ವೈರನ್ನೂ ಹೀಗೇ ನೋಡಬಹುದು. ಬೆಲ್ಟ್ ತಿರುಗುವ ಜಾಗವಾದ್ದರಿಂದ ಈ ಕೆಲಸ ಮೇಸ್ತ್ರಿ ಮಾಡಲಿ, ಅಂಕಿಯನ್ನು ನೀವು ಓದಿ.

ಇವೆಲ್ಲ ಸರಿ ಇದ್ದೂ ಚಾರ್ಜ್ ಆಗದಿದ್ದರೆ ಆಲ್ಟರ್ನೇಟರ್ ಬಿಚ್ಚಬೇಕು. ಬಿಚ್ಚಿದರೂ ಇಡೀ ಆಲ್ಟರ್ನೇಟರ್ ಬದಲಿಸಬೇಕೆಂದಿಲ್ಲ. ಎಷ್ಟೋ ಸಲ ಕಾರ್ಬನ್ ಬ್ರಶ್ ಸವೆದಿರುತ್ತದೆ ಅಷ್ಟೇ. ರಾತ್ರಿಯೆಲ್ಲಾ ನಿಂತ ಗಾಡಿಯ ಆಲ್ಟರ್ನೇಟರ್ ಬೆಳಿಗ್ಗೆ ಮುಟ್ಟಿದರೆ ಬೆಚ್ಚಗಿದೆಯೇ? ಹಾಗಿದ್ದರೆ ಡಯೋಡ್ ಕೆಟ್ಟು ಬ್ಯಾಟರಿಯನ್ನು ಹೀರುತ್ತಿದೆ. ಮೀಟರ್ 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಬಲ್ಬುಗಳು ಪದೇ ಪದೇ ಸುಡುವುದು, ಬ್ಯಾಟರಿ ನೀರು ಬೇಗ ಬತ್ತುವುದು, ಕೊಳೆತ ಮೊಟ್ಟೆಯ ವಾಸನೆ ಇದರ ಲಕ್ಷಣ. ವಾಸನೆ ಬಂದರೆ ಗಾಡಿ ಓಡಿಸಬೇಡಿ.

ಕೆಲವರು ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ವೈರ್ ಕಿತ್ತು "ಗಾಡಿ ಆಫ್ ಆಗ್ಲಿಲ್ಲ, ಡೈನಮೋ ಸರಿ ಇದೆ" ಎನ್ನುತ್ತಾರೆ. ಇದಕ್ಕೆ ಖಂಡಿತ ಬಿಡಬೇಡಿ. ಡೀಸೆಲ್ ಇಂಜಿನ್ ಬ್ಯಾಟರಿ ಇಲ್ಲದೆಯೂ ಓಡಬಹುದು, ಅದರಿಂದ ಏನೂ ತಿಳಿಯುವುದಿಲ್ಲ. ಆದರೆ ವೈರ್ ಕಿತ್ತ ಕ್ಷಣ ವೋಲ್ಟೇಜ್ ಹಠಾತ್ತನೆ ಏರಿ ಚೆನ್ನಾಗಿದ್ದ ಡಯೋಡ್, ರೆಗ್ಯುಲೇಟರ್ ಸುಟ್ಟುಹೋಗುತ್ತವೆ.

ಗಾಡಿ ಇರುವ ಸಂಘದವರು ನಡವಳಿ ಪುಸ್ತಕದ ಕೊನೆಯಲ್ಲಿ ಒಂದು ಪುಟ ಬಿಡಿ. ತಿಂಗಳಿಗೊಮ್ಮೆ ದಿನಾಂಕ ಹಾಕಿ ಮೂರು ಅಂಕಿ ಬರೆಯಿರಿ: ನಿಂತಾಗ, ಸೆಲ್ಫ್ ಹೊಡೆದಾಗ, ಓಡುವಾಗ. ಹೊಸ ಬ್ಯಾಟರಿ ಬೇಕು ಎಂದು ಡ್ರೈವರ್ ಕೇಳಿದರೆ ಆ ಪುಟ ನೋಡದೆ ಹಣ ಮಂಜೂರು ಮಾಡಬೇಡಿ. ಹಾಕಿಸಲೇಬೇಕಾದರೆ ಗ್ಯಾರಂಟಿ ಕಾರ್ಡಿನಲ್ಲಿ ತಾರೀಖು, ಅಂಗಡಿಯ ಸೀಲು ಹಾಕಿಸಿ ಕಾರ್ಡನ್ನು ಗಾಡಿಯಲ್ಲಲ್ಲ, ಸಂಘದ ಪೆಟ್ಟಿಗೆಯಲ್ಲಿಡಿ. ಹಳೇ ಬ್ಯಾಟರಿಯ ಸೀಸಕ್ಕೂ ಬೆಲೆ ಇದೆ, ಅದನ್ನು ಬಿಲ್ಲಿನಲ್ಲಿ ಕಳೆಯಲು ಹೇಳಿ.